ಆಫೀಸಿಗೆ ದಿನಾ ಎಷ್ಟು ಹೊತ್ತು ಓಡಾಡಬಹುದು? ಲೆಕ್ಕ ಹಾಕುವುದು ಹೀಗೆ

ಬೆಂಗಳೂರಲ್ಲಿ ಬಾಡಿಗೆ ಮನೆ ತೋರಿಸುವ ಬ್ರೋಕರ್‌ಗಳಿಗೆ ಎಲ್ಲವೂ ಹತ್ತೇ ನಿಮಿಷ. "ಮೆಟ್ರೋ ಹತ್ತೇ ನಿಮಿಷ ಸಾರ್, ರಿಂಗ್ ರೋಡೂ ಹತ್ತೇ ನಿಮಿಷ." ಪಾಪ, ಅವರು ಬೇಕಂತ ಸುಳ್ಳು ಹೇಳುವುದಿಲ್ಲ. ಮನೆ ನೋಡೋಕೆ ನಾವು ಹೋಗುವುದೇ ಭಾನುವಾರ ಬೆಳಗ್ಗೆ. ಆ ಹೊತ್ತಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ ಕೂಡ ಸಲೀಸಾಗಿ ದಾಟಬಹುದು. ಅಡ್ವಾನ್ಸ್ ಕೊಟ್ಟು, ಸಾಮಾನು ಸಾಗಿಸಿ, ಸೋಮವಾರ ಆಫೀಸಿಗೆ ಹೊರಟಾಗಲೇ ನಿಜವಾದ ದೂರ ಗೊತ್ತಾಗುವುದು.

ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲೂ ಬರುತ್ತದೆ. ಹೊಸ ಕೆಲಸ ಸಿಕ್ಕಿದೆ, ಸಂಬಳ ಜಾಸ್ತಿ, ಆದರೆ ಆಫೀಸು ಊರಿನ ಆ ತುದಿಯಲ್ಲಿದೆ. ಮನೆಯಿಂದಲೇ ಕೆಲಸ ಮಾಡುತ್ತಿದ್ದವರನ್ನು ಕಂಪನಿ ವಾಪಸ್ ಕರೆದಿದೆ. ಸ್ವಂತ ಮನೆ ಮೈಸೂರಲ್ಲಿ, ಕೆಲಸ ಬೆಂಗಳೂರಲ್ಲಿ. ಎಲ್ಲರೂ ಕೇಳುವುದು ಒಂದೇ: ದಿನಾ ಇಷ್ಟು ಓಡಾಟ ಆಗುತ್ತದಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಕಿಲೋಮೀಟರ್ ಅನ್ನುವುದನ್ನು ತಲೆಯಿಂದ ತೆಗೆದುಹಾಕಿ. ಸರಾಸರಿ ಎಷ್ಟು ನಿಮಿಷ ಅನ್ನುವುದನ್ನೂ ಜಾಸ್ತಿ ನಂಬಬೇಡಿ. ಕೆಟ್ಟ ದಿನದ ಸಂಜೆ ಎಷ್ಟು ಗಂಟೆಗೆ ಮನೆ ಸೇರುತ್ತೀರಿ, ಸೇರಿದ ಮೇಲೆ ನಿಮ್ಮ ಕೈಯಲ್ಲಿ ಎಷ್ಟು ಹೊತ್ತು ಉಳಿದಿರುತ್ತದೆ, ಅದನ್ನು ನೋಡಿ ತೀರ್ಮಾನ ಮಾಡಿ. ಅದಕ್ಕೆ ಬೇಕಾದ ಲೆಕ್ಕವನ್ನು ಒಂದೊಂದೇ ಹೆಜ್ಜೆಯಾಗಿ ಹಾಕೋಣ. ಒಂದು ಪೆನ್ನು, ಒಂದು ಹಾಳೆ ಸಾಕು.

1. ಬಾಗಿಲಿಂದ ಕುರ್ಚಿಯವರೆಗೆ ಅಳೆಯಿರಿ

"ನಂದು ಒಂದು ಗಂಟೆ ಮೆಟ್ರೋ ಅಷ್ಟೇ" ಅನ್ನುವವರನ್ನು ಸ್ವಲ್ಪ ನಿಲ್ಲಿಸಿ ಕೇಳಿ. ರೈಲಿನ ಹೊರಗೆ ಕಳೆದ ಸಮಯವನ್ನು ಯಾರೂ ಲೆಕ್ಕಕ್ಕೆ ಸೇರಿಸುವುದಿಲ್ಲ.

ಕೆಂಗೇರಿಯಲ್ಲಿ ಮನೆ, ವೈಟ್‌ಫೀಲ್ಡ್‌ನ ಐಟಿಪಿಎಲ್ ಟೆಕ್ ಪಾರ್ಕ್‌ನಲ್ಲಿ ಕೆಲಸ ಇರುವ ಒಬ್ಬರನ್ನು ತೆಗೆದುಕೊಳ್ಳೋಣ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ತೆರೆದ ಮೇಲೆ ಇಂಥ ಓಡಾಟ ಸಾಧ್ಯವಾಯಿತು. ಅದಕ್ಕೆ ಮುಂಚೆ ಈ ಮಾತು ಎತ್ತಿದ್ದರೆ ಜನ ನಗುತ್ತಿದ್ದರು. ಈಗ ಅವರ ಬೆಳಗ್ಗೆಯನ್ನು ಬಿಡಿಸಿ ನೋಡಿ. ಮನೆಯಿಂದ ಸ್ಟೇಷನ್‌ಗೆ ಸ್ಕೂಟರ್‌ನಲ್ಲಿ 8 ನಿಮಿಷ. ಗಾಡಿ ನಿಲ್ಲಿಸೋಕೆ 4. ಮೆಟ್ಟಿಲು, ಬ್ಯಾಗ್ ತಪಾಸಣೆ, ಗೇಟು ಸೇರಿ 5. ರೈಲಿಗೆ ಕಾಯುವುದು 4. ರೈಲಿನಲ್ಲಿ ಪಟ್ಟಂದೂರು ಅಗ್ರಹಾರದವರೆಗೆ ಸುಮಾರು 70. ಇಳಿದು ಟೆಕ್ ಪಾರ್ಕ್ ಗೇಟಿಗೆ 7. ಗೇಟಿಂದ ಒಳಗೆ ನಡೆದು, ಲಿಫ್ಟ್‌ಗೆ ಕಾದು, ಕುರ್ಚಿಯಲ್ಲಿ ಕೂರೋಕೆ 8. ಒಟ್ಟು 106 ನಿಮಿಷ. ಅಂದರೆ ಒಂದು ಮುಕ್ಕಾಲು ಗಂಟೆ.

ನಿಮ್ಮದನ್ನೂ ಹೀಗೇ ಬಿಡಿಸಿ ಬರೆಯಿರಿ. ಬೇಸ್‌ಮೆಂಟ್‌ನಿಂದ ಕಾರು ಹೊರತರುವುದು, ಹೆಲ್ಮೆಟ್ ಹಾಕಿಕೊಂಡು ಗೇಟು ದಾಟುವುದು, ಕಂಪನಿ ಕ್ಯಾಬ್ ಆದರೆ ಉಳಿದವರ ಮನೆ ಮುಂದೆ ನಿಲ್ಲುವುದು, ಎಲ್ಲವೂ ಸೇರಲಿ. ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರು ಮಾರ್ಗಕ್ಕೆ ಬದಲಾಯಿಸುವವರು ಆ ನಡಿಗೆಯನ್ನೂ ಸೇರಿಸಿ. ಜನ ತುಂಬಿದ ಹೊತ್ತಲ್ಲಿ ಅದು ಸಣ್ಣ ನಡಿಗೆ ಅಲ್ಲ. ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗ ಹಿಡಿದು ಬೊಮ್ಮಸಂದ್ರದ ಕಡೆ ಹೋಗುವವರೂ ಅಷ್ಟೇ.

ಇನ್ನೂ ಮನೆ ಬದಲಿಸಿಲ್ಲ, ಅಥವಾ ಕೆಲಸಕ್ಕೆ ಸೇರಿಲ್ಲ ಅಂದರೆ ಒಂದು ದಿನ ಹೋಗಿ ನೋಡಿ. ಕೆಲಸದ ದಿನ, ನೀವು ನಿಜವಾಗಿ ಹೊರಡುವ ಹೊತ್ತಿಗೇ ಹೋಗಬೇಕು. ಸಂಜೆ ವಾಪಸ್ ಬರುವುದನ್ನೂ ಬಿಡಬೇಡಿ, ಏಕೆಂದರೆ ಬೆಳಗ್ಗೆಗಿಂತ ಸಂಜೆಯೇ ಹೆಚ್ಚು ಹೊತ್ತು ಹಿಡಿಯುವ ರಸ್ತೆಗಳು ಎಷ್ಟೋ ಇವೆ. ಗೂಗಲ್ ಮ್ಯಾಪ್ಸ್‌ನಲ್ಲಿ ಹೊರಡುವ ಸಮಯ ಕೊಟ್ಟರೆ "45ರಿಂದ 80 ನಿಮಿಷ" ಅನ್ನುವ ಥರ ಎರಡು ಸಂಖ್ಯೆ ತೋರಿಸುತ್ತದೆ. ನಮ್ಮ ಕಣ್ಣು ತಾನಾಗೇ 45ರ ಮೇಲೆ ಬೀಳುತ್ತದೆ. ನೀವು 80 ಅಂತ ಬರೆದುಕೊಳ್ಳಿ.

ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನೋಡಿದ್ದನ್ನು ನಂಬಬೇಡಿ. ಸ್ಕೂಲಿಗೆ ರಜೆ ಇರುತ್ತದೆ, ಅರ್ಧ ಊರು ಊರಿಗೆ ಹೋಗಿರುತ್ತದೆ. ಸ್ಕೂಲು ಶುರುವಾಗಿ, ಅದರ ಹಿಂದೆಯೇ ಮಳೆ ಹಿಡಿದುಕೊಂಡಾಗ ಅದೇ ರಸ್ತೆ ಬೇರೆಯೇ ರಸ್ತೆ. ದಸರಾ ರಜೆಯ ವಾರದ ಅಳತೆಯೂ ಲೆಕ್ಕಕ್ಕೆ ಬಾರದು.

2. ಯಾವ ನಿಮಿಷ ಎಷ್ಟು ಭಾರ?

ಎಲ್ಲ ನಿಮಿಷಗಳೂ ಒಂದೇ ತೂಕದವಲ್ಲ. ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿದ 30 ನಿಮಿಷ ಬೇರೆ, ಮಾರತ್ತಹಳ್ಳಿ ಸೇತುವೆ ಕೆಳಗೆ ಕ್ಲಚ್ ತುಳಿಯುತ್ತಾ ಕಳೆದ 30 ನಿಮಿಷ ಬೇರೆ. ಸಾರಿಗೆ ಯೋಜನೆ ಮಾಡುವವರು ಕೂಡ ಸ್ಟಾಪಿನಲ್ಲಿ ಕಾಯುವ ಸಮಯಕ್ಕೆ ಬಸ್ಸಿನೊಳಗಿನ ಸಮಯಕ್ಕಿಂತ ಜಾಸ್ತಿ ತೂಕ ಕೊಡುತ್ತಾರೆ, ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಪಟ್ಟು. ಬಸ್ಸು ಯಾವಾಗ ಬರುತ್ತದೋ ಗೊತ್ತಿಲ್ಲದೆ ನಿಂತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಾನು ಬಳಸುವ ಅಂದಾಜು ಇದು. ಸೀಟು ಸಿಕ್ಕಿ ಕೂತ ನಿಮಿಷಕ್ಕೆ ಅರ್ಧ ತೂಕ. ಗಾಡಿ ಓಡಿಸುವ ನಿಮಿಷ, ನೂಕುನುಗ್ಗಲಲ್ಲಿ ನಿಂತ ನಿಮಿಷ, ಆಚೀಚೆಯ ನಡಿಗೆ, ಇವಕ್ಕೆ ಪೂರ್ತಿ ತೂಕ. ಕಾಯುವ ನಿಮಿಷಕ್ಕೆ ಎರಡು ಪಟ್ಟು. ಇದೇನು ವಿಜ್ಞಾನವಲ್ಲ. ನಿಮಗೆ ಕಾರು ಓಡಿಸುವುದೇ ಖುಷಿ ಅಂದರೆ ಅದಕ್ಕೆ ತೂಕ ಕಮ್ಮಿ ಕೊಟ್ಟುಕೊಳ್ಳಿ. ಆದರೆ ಹಾಗೆ ಹೇಳುವವರು ಸಾಮಾನ್ಯವಾಗಿ ಹಬ್ಬಕ್ಕೆ ಹಾಸನಕ್ಕೆ ಹೋದ ಡ್ರೈವ್ ನೆನೆಸಿಕೊಂಡು ಹೇಳುತ್ತಿರುತ್ತಾರೆ, ಟಿನ್ ಫ್ಯಾಕ್ಟರಿ ಸಿಗ್ನಲನ್ನಲ್ಲ.

ಕೆಂಗೇರಿಯವರ 106 ನಿಮಿಷಕ್ಕೆ ಈ ತೂಕ ಹಾಕೋಣ. ಅವರು ಮಾರ್ಗದ ತುದಿಯ ಹತ್ತಿರ ಹತ್ತುತ್ತಾರೆ, ಹಾಗಾಗಿ ಸೀಟು ಸಿಗುವ ಸಂಭವ ಹೆಚ್ಚು. ರೈಲಿನ 70 ನಿಮಿಷ 35 ಆಯಿತು. ಕಾಯುವ 4 ನಿಮಿಷ 8 ಆಯಿತು. ಉಳಿದ 32 ಹಾಗೇ ಇದೆ. ಒಟ್ಟು ಭಾರ 75. ಇನ್ನೊಬ್ಬರು ಜಯನಗರದಿಂದ ಮಾನ್ಯತಾ ಟೆಕ್ ಪಾರ್ಕ್‌ಗೆ ಕಾರಲ್ಲಿ ಹೋಗುತ್ತಾರೆ ಅಂದುಕೊಳ್ಳಿ. ರಸ್ತೆಯಲ್ಲಿ 75 ನಿಮಿಷ, ಎರಡೂ ಕಡೆಯ ಪಾರ್ಕಿಂಗ್, ಲಿಫ್ಟು ಸೇರಿ 15. ಗಡಿಯಾರದಲ್ಲಿ 90, ಭಾರವೂ 90. ಕೆಂಗೇರಿಯವರಿಗಿಂತ ಬೇಗ ತಲುಪಿದರೂ ಹೆಚ್ಚು ಸುಸ್ತಾಗಿ ತಲುಪುತ್ತಾರೆ.

ಮನೆ ಹುಡುಕುವವರಿಗೆ ಇದರಲ್ಲಿ ಒಂದು ಉಪಾಯವೂ ಇದೆ. ಮಾರ್ಗದ ಮಧ್ಯದಲ್ಲಿ, ಉದಾಹರಣೆಗೆ ವಿಜಯನಗರದಲ್ಲಿ, ಹತ್ತಿದರೆ ಪ್ರಯಾಣ ಕಮ್ಮಿ ಆಗುತ್ತದೆ, ನಿಜ. ಆದರೆ ಬೆಳಗ್ಗೆ ಅಲ್ಲಿ ಸೀಟು ಸಿಗುವುದು ಕಷ್ಟ, ಮೆಜೆಸ್ಟಿಕ್ ಬಂದ ಮೇಲೆ ಕೈ ಆಡಿಸೋಕೂ ಜಾಗ ಇರುವುದಿಲ್ಲ. ತುದಿಯ ಎರಡು ಮೂರು ಸ್ಟೇಷನ್‌ಗಳಲ್ಲಿ ಬಾಡಿಗೆಯೂ ಕಮ್ಮಿ, ಸೀಟೂ ಖಾತ್ರಿ. ದಿನಾ ಹೋಗಬೇಕಾದವರಿಗೆ ಹತ್ತು ನಿಮಿಷ ಉಳಿಸುವುದಕ್ಕಿಂತ ಸೀಟು ಸಿಗುವುದೇ ದೊಡ್ಡದು ಅಂತ ನನಗನ್ನಿಸುತ್ತದೆ.

ಟೂ ವೀಲರ್‌ನವರ ಲೆಕ್ಕವೇ ಬೇರೆ. ಸಂದಿಯಲ್ಲಿ ನುಗ್ಗಿ ಬೇಗ ತಲುಪುತ್ತಾರೆ, ಆದರೆ ಹೊಗೆ, ಗುಂಡಿ, ಮಳೆ, ಬೆನ್ನು ನೋವು ಎಲ್ಲವೂ ಅವರದೇ. ನನ್ನ ಪ್ರಕಾರ ಬೈಕಲ್ಲಿ ದಿನಾ ಒಂದು ಕಡೆಗೆ 45 ನಿಮಿಷ ಮೀರಬಾರದು. ಇಎಸ್‌ಐ ವಿಮೆ ಇರುವ ಕಾರ್ಮಿಕರಿಗೆ ಒಂದು ವಿಷಯ ಗೊತ್ತಿರಲಿ. 2010ರ ತಿದ್ದುಪಡಿಯ ನಂತರ, ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಕೆಲಸದಿಂದ ಮನೆಗೆ ಬರುವಾಗ ಆದ ಅಪಘಾತಕ್ಕೂ ಇಎಸ್‌ಐ ಪರಿಹಾರ ಕೇಳಬಹುದು. ಆ ಪ್ರಯಾಣಕ್ಕೂ ಕೆಲಸಕ್ಕೂ ಸಂಬಂಧ ಇದೆ ಅಂತ ತೋರಿಸಬೇಕಾಗುತ್ತದೆ.

3. ಕೆಟ್ಟ ದಿನವನ್ನು ಹಿಡಿಯಿರಿ

ಟಾಮ್‌ಟಾಮ್ ಸಂಸ್ಥೆ ಪ್ರತಿ ವರ್ಷ ಜಗತ್ತಿನ ಊರುಗಳ ಟ್ರಾಫಿಕ್ ಅಳೆಯುತ್ತದೆ. ಅದರ 2023ರ ಲೆಕ್ಕದಲ್ಲಿ ಬೆಂಗಳೂರಲ್ಲಿ 10 ಕಿ.ಮೀ. ಹೋಗೋಕೆ ಸರಾಸರಿ 28 ನಿಮಿಷ 10 ಸೆಕೆಂಡ್. ಇದನ್ನು ಓದಿ "ಪರವಾಗಿಲ್ಲ, ನನ್ನ ಆಫೀಸು 15 ಕಿ.ಮೀ., 45 ನಿಮಿಷದಲ್ಲಿ ಮುಗಿಯುತ್ತದೆ" ಅಂದುಕೊಂಡರೆ ಕೆಟ್ಟಿರಿ. ಸರಾಸರಿಯಲ್ಲಿ ಖಾಲಿ ರಸ್ತೆಯ ಹೊತ್ತೂ ಸೇರಿರುತ್ತದೆ. ಒಂಬತ್ತು ಗಂಟೆಯ ಮೀಟಿಂಗ್ ಇರುವವರು ಆ ಹೊತ್ತಲ್ಲಿ ಓಡಾಡುವುದಿಲ್ಲ.

ಈಗಾಗಲೇ ಓಡಾಡುತ್ತಿರುವವರು ಎರಡು ವಾರ ಬರೆದಿಡಿ. ಮನೆ ಬಿಟ್ಟ ಸಮಯ, ಕುರ್ಚಿ ಮುಟ್ಟಿದ ಸಮಯ, ಆಫೀಸು ಬಿಟ್ಟದ್ದು, ಮನೆ ಸೇರಿದ್ದು. ಹತ್ತು ಸಂಜೆಗಳ ಲೆಕ್ಕ ಸಿಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದನ್ನು ಬಿಟ್ಟುಬಿಡಿ, ಅದು ಯಾವುದೋ ಲಾರಿ ಕೆಟ್ಟು ನಿಂತ ದಿನ ಇರಬಹುದು. ಅದರ ನಂತರದ ಎರಡನೇ ಕೆಟ್ಟ ಸಂಜೆಗೆ ಸುತ್ತು ಹಾಕಿ. ಹೆಚ್ಚು ಕಡಿಮೆ ವಾರಕ್ಕೊಮ್ಮೆ ಅಂಥ ಸಂಜೆ ಬಂದೇ ಬರುತ್ತದೆ. ಮಗುವನ್ನು ಡೇಕೇರ್‌ನಿಂದ ಕರೆದುಕೊಂಡು ಬರುವುದು, ಅಮ್ಮನ ಮಾತ್ರೆ, ಸಂಜೆಯ ಕ್ಲಾಸು, ಏನೇ ಒಪ್ಪಿಕೊಳ್ಳುವುದಿದ್ದರೂ ಆ ಸಮಯವನ್ನು ನೋಡಿ ಒಪ್ಪಿಕೊಳ್ಳಿ.

2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆ ಮುಳುಗಿ, ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ನೆನಪಿದೆ ಅಲ್ವಾ? ಅಂಥ ದಿನಕ್ಕೆ ಯಾರೂ ಲೆಕ್ಕ ಹಾಕೋಕೆ ಆಗುವುದಿಲ್ಲ, ಹಾಕಲೂ ಬೇಡಿ. ಸುಮ್ನೆ ಒಂದು ಮಳೆ ಬಂದ ಬುಧವಾರ ಸಾಕು.

ಕೆಟ್ಟ ದಿನಕ್ಕೂ ಒಳ್ಳೆಯ ದಿನಕ್ಕೂ ಇರುವ ಅಂತರವನ್ನೂ ನೋಡಿ. ಒಬ್ಬರಿಗೆ ದಿನಾ 80 ನಿಮಿಷ, ತಪ್ಪಿದರೆ 85. ಇನ್ನೊಬ್ಬರಿಗೆ ಒಂದು ದಿನ 45, ಒಂದು ದಿನ 100. ನನ್ನನ್ನು ಕೇಳಿದರೆ ಮೊದಲಿನವರೇ ಆರಾಮ. ಅವರು ಎಷ್ಟು ಗಂಟೆಗೆ ಬರುತ್ತಾರೆ ಅಂತ ಮನೆಯವರಿಗೂ ಗೊತ್ತಿರುತ್ತದೆ. ಎರಡನೆಯವರು ಹೇಗೂ ದಿನಾ 100 ನಿಮಿಷ ಮುಂಚೆ ಹೊರಡಲೇಬೇಕು, ಜೊತೆಗೆ ತಳಮಳ ಬೇರೆ. ರಸ್ತೆಗಿಂತ ರೈಲು ಒಳ್ಳೆಯದು ಅಂತ ನಾನು ಪದೇ ಪದೇ ಹೇಳುವುದು ವೇಗ ನೋಡಿ ಅಲ್ಲ, ಈ ಕಾರಣಕ್ಕೆ.

4. 24 ಗಂಟೆಯಿಂದ ಕಳೆಯಿರಿ

ಈ ಹೆಜ್ಜೆಯಲ್ಲಿ ತೂಕ ಬೇಡ, ಗಡಿಯಾರದ ನಿಮಿಷಗಳೇ ಬೇಕು. ಕೂತು ಬಂದರೂ ಸಮಯ ಸಮಯವೇ.

ನಿದ್ದೆಗೆ ಏಳೂವರೆ ಗಂಟೆ ತೆಗೆದಿಡಿ. ಊಟದ ಹೊತ್ತೂ ಸೇರಿ ಆಫೀಸಿಗೆ 9. ಸ್ನಾನ, ತಿಂಡಿ, ಅಡುಗೆ, ಊಟ, ಪಾತ್ರೆ, ಬಟ್ಟೆಗೆ ಎರಡೂವರೆ. ಉಳಿದದ್ದು 5 ಗಂಟೆ. ಪ್ರಯಾಣ ಈ ಐದರೊಳಗಿಂದಲೇ ಹೋಗಬೇಕು. ಕೆಂಗೇರಿಯವರಿಗೆ ಎರಡೂ ಕಡೆ ಸೇರಿ ಮೂರೂವರೆ ಗಂಟೆ ಹೋಯಿತು. ಉಳಿದದ್ದು ಒಂದೂವರೆ. ಕೆಟ್ಟ ಸಂಜೆ ಇನ್ನೊಂದು 40 ನಿಮಿಷ ತಿಂದರೆ ಒಂದು ಗಂಟೆಯೂ ಇಲ್ಲ. ಮಗುವಿನ ಹೋಂವರ್ಕ್, ಹೆಂಡತಿ ಅಥವಾ ಗಂಡನ ಜೊತೆ ಎರಡು ಮಾತು, ಊರಿಗೆ ಫೋನು, ಎಲ್ಲವೂ ಅಷ್ಟರಲ್ಲೇ ಆಗಬೇಕು.

ನಾನು ಇಟ್ಟುಕೊಂಡಿರುವ ಗೆರೆ: ಸಾಮಾನ್ಯ ದಿನ 2 ಗಂಟೆ, ಕೆಟ್ಟ ದಿನವೂ 1 ಗಂಟೆ ಕೈಯಲ್ಲಿ ಉಳಿಯಬೇಕು. ಇದಕ್ಕಿಂತ ಕಮ್ಮಿ ಆದಾಗ ಜನ ನಿದ್ದೆಯಿಂದ ಸಾಲ ತೆಗೆಯುತ್ತಾರೆ. ರಾತ್ರಿ ಹನ್ನೊಂದೂವರೆಯವರೆಗೆ ಮೊಬೈಲ್ ನೋಡುವುದು ಸೋಮಾರಿತನದಿಂದಲ್ಲ, ಇಡೀ ದಿನದಲ್ಲಿ ಅವರದು ಅಂತ ಇದ್ದದ್ದು ಅಷ್ಟೇ ಹೊತ್ತು.

ಮನೆಗೆಲಸಕ್ಕೆ ಎರಡೂವರೆ ಗಂಟೆ ಅಂದೆನಲ್ಲ, ಅದು ಎಲ್ಲರಿಗೂ ಒಂದೇ ಅಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾರೆ. ಗಂಡಸರು 97. ಕೆಲಸಕ್ಕೆ ಹೋಗುವ ಹೆಂಗಸರೆಲ್ಲ ಅಷ್ಟು ಮಾಡುತ್ತಾರೆ ಅಂತ ಇದರ ಅರ್ಥವಲ್ಲ. ಆದರೂ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ, ಇಬ್ಬರಿಗೂ ಸಮ ದೂರ ಬರಲಿ ಅಂತ ಮಧ್ಯದಲ್ಲಿ ಮನೆ ಮಾಡುವುದು ನ್ಯಾಯ ಅನ್ನಿಸಿದರೂ ಲೆಕ್ಕ ಹಾಗೆ ಬರುವುದಿಲ್ಲ. ಮನೆಗೆ ಬಂದ ಮೇಲೆ ಯಾರು ಒಲೆ ಹಚ್ಚುತ್ತಾರೋ ಅವರ ಆಫೀಸಿಗೆ ಮನೆ ಹತ್ತಿರ ಇರಲಿ. ಅದು ಆಗುವುದಿಲ್ಲ ಅಂದರೆ ಒಲೆ ಹಚ್ಚುವ ಕೆಲಸ ಕೈ ಬದಲಾಗಲಿ. ಈ ಹಾಳೆಯನ್ನು ಇಬ್ಬರೂ ಒಟ್ಟಿಗೆ ಕೂತು ಬರೆಯಬೇಕು ಅನ್ನುವುದು ಇದಕ್ಕೇ.

5. ಒಂದು ಗಂಟೆಯನ್ನು ಎಷ್ಟಕ್ಕೆ ಮಾರುತ್ತಿದ್ದೀರಿ?

ದೂರದ ಮನೆಗೆ ಬಾಡಿಗೆ ಕಮ್ಮಿ. ಅದು ಉಳಿತಾಯ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಉಳಿತಾಯ ಅಂತ ನೋಡೋಣ.

ಉದಾಹರಣೆಗೆ, ಕೆಂಗೇರಿ ಮನೆಗೆ 18,000, ಅಂಥದ್ದೇ ಮನೆಗೆ ಆಫೀಸಿನ ಹತ್ತಿರ 28,000 ಅಂದುಕೊಳ್ಳಿ. ವ್ಯತ್ಯಾಸ 10,000. ಆದರೆ ಮೆಟ್ರೋಗೆ ದುಡ್ಡು ಬೇಕು. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಅತಿ ಹೆಚ್ಚಿನ ದರ 60ರಿಂದ 90 ರೂಪಾಯಿಗೆ ಏರಿತು. ಸ್ಮಾರ್ಟ್ ಕಾರ್ಡ್‌ನ ಶೇ. 5 ರಿಯಾಯಿತಿ ಕಳೆದರೆ 85 ರೂಪಾಯಿ 50 ಪೈಸೆ. ದಿನಕ್ಕೆ ಎರಡು ಸಲ, ತಿಂಗಳಿಗೆ 22 ದಿನ, 3,762 ರೂಪಾಯಿ. ಹತ್ತಿರದ ಮನೆಯಿಂದ ಪೆಟ್ರೋಲಿಗೆ ಸಾವಿರ ಆಗುತ್ತಿತ್ತು ಅಂದರೂ, ನಿಜವಾಗಿ ಉಳಿದದ್ದು ಸುಮಾರು 7,200.

ಈಗ ಸಮಯ. ಹತ್ತಿರದ ಮನೆಯಿಂದ 25 ನಿಮಿಷ, ಇಲ್ಲಿಂದ 106. ಒಂದು ಕಡೆಗೆ 81 ನಿಮಿಷ ಜಾಸ್ತಿ. ತಿಂಗಳಿಗೆ ಸುಮಾರು 59 ಗಂಟೆ. 7,200 ರೂಪಾಯಿಯನ್ನು 59ರಿಂದ ಭಾಗಿಸಿ. ಗಂಟೆಗೆ 122 ರೂಪಾಯಿ.

ತಿಂಗಳಿಗೆ 60,000 ಸಂಬಳ ಇರುವವರಿಗೆ ಆಫೀಸು ಕೊಡುವುದು ಗಂಟೆಗೆ 300ರ ಆಸುಪಾಸು. ಅದೇ ಗಂಟೆಯನ್ನು 122ಕ್ಕೆ ಕೊಡುತ್ತಿದ್ದೀರಿ. ಇದು ತಪ್ಪು ವ್ಯಾಪಾರ ಅಂತ ನಾನು ಹೇಳುವುದಿಲ್ಲ. ಸಾಲ ತೀರಿಸಬೇಕು, ತಂಗಿ ಮದುವೆ ಇದೆ ಅಂದರೆ 7,200 ದೊಡ್ಡದೇ. ಕೆಂಗೇರಿಯಲ್ಲಿ ಅತ್ತೆ ಮಾವ ಇದ್ದು ಮಗುವನ್ನು ನೋಡಿಕೊಳ್ಳುತ್ತಾರೆ ಅಂದರಂತೂ ಲೆಕ್ಕವೇ ತಲೆಕೆಳಗಾಗುತ್ತದೆ. ಡೇಕೇರ್ ದುಡ್ಡು ಉಳಿಯುವುದು ಒಂದು ಕಡೆ, ಸಂಜೆ ತಡವಾದರೆ ಮಗು ಗೇಟಿನ ಹತ್ತಿರ ಕಾಯುತ್ತಿಲ್ಲ ಅನ್ನುವ ನೆಮ್ಮದಿಗೆ ಬೆಲೆ ಕಟ್ಟೋಕೆ ಆಗುವುದಿಲ್ಲ. ಗಂಟೆಯ ಬೆಲೆ ಗೊತ್ತಿದ್ದು ಮಾರಿ, ಗೊತ್ತಿಲ್ಲದೆ ಮಾರಬೇಡಿ ಅಂತ ಅಷ್ಟೇ.

ಹೆಂಗಸರಿಗೆ ಇನ್ನೊಂದು ದಾರಿ ಇದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ. ಮೆಟ್ರೋ, ವಜ್ರ ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವವರಿಗೆ, ಮನೆಗೆಲಸಕ್ಕೆ ಹೋಗುವವರಿಗೆ ಇದರಿಂದ ದೂರದ ಕೆಲಸವೂ ಗಿಟ್ಟುವಂತಾಯಿತು. ಒಂದು ಕಡೆ ಬಸ್ಸು, ತಡವಾದ ಕಡೆ ಮೆಟ್ರೋ ಅಂತ ಬೆರೆಸಿಕೊಂಡರೆ ದುಡ್ಡೂ ಉಳಿಯುತ್ತದೆ.

ಸಂಬಳ ಜಾಸ್ತಿ ಆದರೆ ದೂರ ಸರಿದೂಗುತ್ತದಾ? ಬ್ರೂನೋ ಫ್ರೈ, ಅಲೋಯ್ಸ್ ಸ್ಟುಟ್ಜರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಜರ್ಮನಿಯ ಜನರ ಮಾಹಿತಿ ಇಟ್ಟುಕೊಂಡು ಇದನ್ನು ನೋಡಿದರು. ಹೆಚ್ಚು ಹೊತ್ತು ಪ್ರಯಾಣ ಮಾಡುವವರು ಬದುಕಿನ ಬಗ್ಗೆ ಕಮ್ಮಿ ತೃಪ್ತಿ ಹೇಳಿಕೊಂಡರು. ಒಳ್ಳೆಯ ಸಂಬಳವೋ ಅಗ್ಗದ ಮನೆಯೋ ಅದನ್ನು ಪೂರ್ತಿ ತುಂಬಿಕೊಟ್ಟಿರಲಿಲ್ಲ. ದೊಡ್ಡ ಮನೆ ಒಂದು ತಿಂಗಳಲ್ಲಿ ಅಭ್ಯಾಸ ಆಗಿಬಿಡುತ್ತದೆ. ಟ್ರಾಫಿಕ್ ಹಾಗೆ ಅಭ್ಯಾಸ ಆಗುವುದಿಲ್ಲ, ಅದು ದಿನಾ ಬೇರೆ ಥರ ಕಾಡುತ್ತದೆ.

ಮನೆ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಸಾಲ 20 ವರ್ಷದ್ದು, ಕೆಲಸ ಮೂರು ವರ್ಷದ್ದು. ಒಂದು ಆಫೀಸಿನ ಪಕ್ಕ ಮನೆ ಕೊಳ್ಳುವುದಕ್ಕಿಂತ, ಓಡುತ್ತಿರುವ ಮೆಟ್ರೋ ಮಾರ್ಗದಲ್ಲಿ ನಡೆದು ಹೋಗುವಷ್ಟು ಹತ್ತಿರ ಕೊಂಡರೆ ಕೆಲಸ ಬದಲಾದರೂ ತೊಂದರೆ ಕಮ್ಮಿ. ಓಡುತ್ತಿರುವ ಅನ್ನುವುದನ್ನು ಗಮನಿಸಿ. ಬರಲಿರುವ ಮಾರ್ಗವನ್ನು ನಂಬಿ ಕೊಂಡವರು ಎಷ್ಟು ವರ್ಷ ಕಾದರು ಅಂತ ಆರ್.ವಿ. ರಸ್ತೆ–ಬೊಮ್ಮಸಂದ್ರ ಮಾರ್ಗದ ಅಕ್ಕಪಕ್ಕದವರನ್ನು ಕೇಳಿ. 2025ರ ಆಗಸ್ಟ್‌ನಲ್ಲಿ ಅದು ಕೊನೆಗೂ ತೆರೆಯಿತು.

6. ಗೆರೆ ಎಳೆಯಿರಿ

ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ವಾದ ಮುಂದಿಟ್ಟರು. ಕಾಲ ಯಾವುದೇ ಇರಲಿ, ವಾಹನ ಯಾವುದೇ ಇರಲಿ, ಜನ ಒಟ್ಟಾರೆ ದಿನಕ್ಕೆ ಒಂದು ಗಂಟೆಯಷ್ಟು ಓಡಾಡುತ್ತಾರೆ, ವಾಹನ ವೇಗವಾದರೆ ಇನ್ನೂ ದೂರ ಹೋಗಿ ನೆಲೆಸುತ್ತಾರೆ ಅಂತ. ಹೋಗೋಕೆ ಅರ್ಧ ಗಂಟೆ, ಬರೋಕೆ ಅರ್ಧ ಗಂಟೆ. ನಮ್ಮ ದೊಡ್ಡ ಊರುಗಳಲ್ಲಿ ಅದು ಸಿಕ್ಕವರು ಅದೃಷ್ಟವಂತರು.

ಹಾಗಾಗಿ ನನ್ನ ಗೆರೆಗಳು ಸ್ವಲ್ಪ ಸಡಿಲ. ಎಲ್ಲವೂ ಒಂದು ಕಡೆಯ ಲೆಕ್ಕ, ಬಾಗಿಲಿಂದ ಕುರ್ಚಿಗೆ, ಕೆಟ್ಟ ದಿನದ್ದು.

45 ನಿಮಿಷದೊಳಗೆ ಇದ್ದರೆ ಯೋಚನೆಯೇ ಬೇಡ, ಬೇರೆ ವಿಷಯ ನೋಡಿ.

45ರಿಂದ 75: ಸೀಟು ಇದೆಯಾ, ಸಮಯ ಖಚಿತವಾ ಅಂತ ಕೇಳಿಕೊಳ್ಳಿ. ಎರಡೂ ಇದ್ದರೆ ವರ್ಷಗಟ್ಟಲೆ ನಡೆಯುತ್ತದೆ. ಎರಡೂ ಇಲ್ಲದಿದ್ದರೆ ಆರು ತಿಂಗಳಲ್ಲಿ ಬೇಸರ ಬರುತ್ತದೆ.

75ರಿಂದ 110: ವಾರಕ್ಕೆ ಮೂರು ದಿನ ಸರಿ, ಐದು ದಿನ ಬೇಡ. ಕೆಂಗೇರಿಯವರಿಗೆ ಸಾಮಾನ್ಯ ದಿನಗಳ ಲೆಕ್ಕದಲ್ಲೇ ಐದು ದಿನಕ್ಕೆ ಹದಿನೇಳೂವರೆ ಗಂಟೆ ಹೋಗುತ್ತದೆ, ಮೂರು ದಿನಕ್ಕೆ ಹತ್ತೂವರೆ. ಆ ಏಳು ಗಂಟೆ ಒಂದು ರಾತ್ರಿಯ ಪೂರ್ತಿ ನಿದ್ದೆ.

ಅದಕ್ಕೂ ಮೇಲೆ ಅಂದರೆ, ಮುಗಿಯುವ ತಾರೀಕು ಗೊತ್ತಿದ್ದರೆ ಮಾತ್ರ. ಮಗಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ, ಟ್ರಾನ್ಸ್‌ಫರ್ ಆಗುವವರೆಗೆ, ಹೀಗೆ.

ಮೈಸೂರಿನವರು ಕೇಳುವುದು ಇದನ್ನೇ. ರೈಲಿನ ದೂರ 139 ಕಿ.ಮೀ. ರೈಲ್ವೆ ಸೀಸನ್ ಪಾಸ್‌ಗೆ 150 ಕಿ.ಮೀ. ಮಿತಿ, ಹಾಗಾಗಿ ಪಾಸ್ ಸಿಗುತ್ತದೆ. ಶತಾಬ್ದಿ, ವಂದೇ ಭಾರತ್‌ಗೆ ಅದು ನಡೆಯುವುದಿಲ್ಲ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ದಿನಾ ಬರುವವರ ಗುಂಪುಗಳೇ ಇವೆ. ಆದರೆ ರೈಲಿನ ಎರಡೂವರೆ ಗಂಟೆಗೆ ಮನೆಯಿಂದ ಸ್ಟೇಷನ್, ಮೆಜೆಸ್ಟಿಕ್‌ನಿಂದ ಆಫೀಸು ಸೇರಿಸಿ. ಎರಡೂ ಕಡೆ ಸೇರಿ ದಿನಕ್ಕೆ ಏಳು ಗಂಟೆ ದಾಟುತ್ತದೆ. ವಾರಕ್ಕೆ ಎರಡು ದಿನ ಅಂದರೆ ಧಾರಾಳವಾಗಿ ಒಪ್ಪಿಕೊಳ್ಳಿ. ದಿನಾ ಅಂದರೆ ವಾರದ ಮಧ್ಯೆ ಬೆಂಗಳೂರಲ್ಲೊಂದು ಪಿಜಿ ನೋಡಿಕೊಳ್ಳುವುದು ವಾಸಿ. ರಾಮನಗರದವರ ಕಥೆ ಬೇರೆ. ಅಲ್ಲಿಂದ ರೈಲಲ್ಲಿ ಬಂದು ಮೆಜೆಸ್ಟಿಕ್ ಸುತ್ತಮುತ್ತ ಕೆಲಸ ಮಾಡುವವರು, ಸರ್ಜಾಪುರ ರಸ್ತೆಯಿಂದ ಹೆಬ್ಬಾಳಕ್ಕೆ ಕಾರಲ್ಲಿ ಹೋಗುವವರಿಗಿಂತ ನಿರಾಳ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಈ ಗೆರೆಗಳು ಆಯ್ಕೆ ಇರುವವರಿಗೆ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಕೆಜಿಎಫ್ ಜನಕ್ಕೆ ಊರಲ್ಲಿ ಕೆಲಸ ಉಳಿಯಲಿಲ್ಲ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲಿ ನಸುಕಿಗೇ ರೈಲು ಹತ್ತಿ, ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಬಂದು, ರಾತ್ರಿ ವಾಪಸ್ ಹೋಗುವವರು ಸಾವಿರಾರು. "ಊರು ಬಿಟ್ಟು ಬೆಂಗಳೂರಿಗೇ ಬಂದುಬಿಡಿ" ಅಂತ ಅವರಿಗೆ ಹೇಳುವುದು ಸುಲಭ. ಊರಲ್ಲಿ ಬಾಡಿಗೆ ಇಲ್ಲದ ಮನೆ ಇದೆ, ನೆಂಟರಿದ್ದಾರೆ, ಬೆಂಗಳೂರಿನ ಅಡ್ವಾನ್ಸ್‌ಗೆ ದುಡ್ಡಿಲ್ಲ. ಅಂಥ ಓಡಾಟವನ್ನು ಸಹ್ಯ ಮಾಡುವುದು ಜೊತೆಗಾರರು. ದಿನಾ ಅದೇ ಬೋಗಿ, ಅದೇ ಮುಖಗಳು, ಮೊದಲು ಹತ್ತಿದವರು ಹಿಡಿದಿಟ್ಟ ಸೀಟು. ದೂರದಿಂದ ಬರಲೇಬೇಕಾದವರು ಮೊದಲ ವಾರದಲ್ಲೇ ಅಂಥ ಗುಂಪು ಸೇರಿಕೊಳ್ಳಿ.

7. ಮನೆ, ಕೆಲಸ ಬದಲಿಸುವ ಮುಂಚೆ ಸಮಯ ಬದಲಿಸಿ ನೋಡಿ

ನಿಮ್ಮ ಲೆಕ್ಕ ಗೆರೆ ದಾಟಿದರೆ ತಕ್ಷಣ ರಾಜೀನಾಮೆ ಬರೆಯಬೇಡಿ. ಮೊದಲು ಮ್ಯಾನೇಜರ್ ಹತ್ತಿರ ಮಾತಾಡಿ. "ತುಂಬಾ ದೂರ ಸರ್, ಕಷ್ಟ" ಅಂದರೆ ಅವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ನಿಮ್ಮ ಎರಡು ವಾರದ ಹಾಳೆ ತೋರಿಸಿ. "ಏಳೂವರೆಗೆ ಲಾಗಿನ್ ಆದರೆ 55 ನಿಮಿಷದಲ್ಲಿ ಬರುತ್ತೇನೆ, ಒಂಬತ್ತೂವರೆಗೆ ಆದರೆ 95. ಬೇಗ ಬಂದು ನಾಲ್ಕೂವರೆಗೆ ಹೊರಡುತ್ತೇನೆ, ಉಳಿದ ಮೀಟಿಂಗ್ ಮನೆಯಿಂದ ಮಾಡುತ್ತೇನೆ" ಅನ್ನಿ. ಸಂಖ್ಯೆ ಇಟ್ಟುಕೊಂಡು ಕೇಳಿದರೆ ಒಪ್ಪುವ ಸಂಭವ ಜಾಸ್ತಿ. ದಟ್ಟಣೆ ಇಲ್ಲದ ಹೊತ್ತಲ್ಲಿ ಮೆಟ್ರೋ ಕಾರ್ಡ್‌ಗೆ ಇನ್ನೂ ಶೇ. 5 ರಿಯಾಯಿತಿ ಸಿಗುತ್ತದೆ.

ಕಂಪನಿ ಕ್ಯಾಬ್ ಇದ್ದರೆ ನಿಮ್ಮ ಪಿಕಪ್ ಎಷ್ಟನೆಯದು ಅಂತ ಕೇಳಿ. ಮೊದಲು ಹತ್ತುವವರು ಊರೆಲ್ಲ ಸುತ್ತುತ್ತಾರೆ. ಬೆಳಗ್ಗೆ ಮೊದಲು ಹತ್ತಿದವರು ಸಂಜೆಯಾದರೂ ಮೊದಲು ಇಳಿಯುವ ಹಾಗೆ ರೋಸ್ಟರ್ ಮಾಡಿ ಅಂತ ಟ್ರಾನ್ಸ್‌ಪೋರ್ಟ್ ಡೆಸ್ಕ್‌ಗೆ ಹೇಳಬಹುದು. ಬಿಡದಿ, ನರಸಾಪುರದ ಫ್ಯಾಕ್ಟರಿಗಳಿಗೆ ಕಂಪನಿ ಬಸ್ಸಲ್ಲಿ ಹೋಗುವವರು ಬಸ್ ನಿಲ್ಲುವ ಜಾಗದ ಹತ್ತಿರ ಮನೆ ಮಾಡಿದರೆ ಸಾಕು, ಫ್ಯಾಕ್ಟರಿ ಹತ್ತಿರವೇ ಆಗಬೇಕಂತಿಲ್ಲ.

ಹೊಸ ಕೆಲಸಕ್ಕೆ ಸೇರುವವರು ಸಹಿ ಹಾಕುವ ಮುಂಚೆಯೇ ಕೇಳಿ. ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು? ಅದು ಕಂಪನಿ ನಿಯಮವಾ, ಈ ಮ್ಯಾನೇಜರ್ ಇರುವವರೆಗೆ ಮಾತ್ರವಾ? ಬೇರೆ ಕ್ಯಾಂಪಸ್‌ಗೆ ಕಳಿಸುವ ಸಾಧ್ಯತೆ ಇದೆಯಾ? ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಬಾಯಿಮಾತಿನ "ಹೈಬ್ರಿಡ್" ನಂಬಿ ದೂರ ಮನೆ ಮಾಡಿ, ಆರು ತಿಂಗಳಿಗೆ ಐದು ದಿನ ಬನ್ನಿ ಅನ್ನಿಸಿಕೊಂಡವರು ನಮ್ಮ ಸುತ್ತಲೇ ಇದ್ದಾರೆ.

8. ಮೂರು ತಿಂಗಳಿಗೆ ಮತ್ತೆ ನೋಡಿ

ಒಪ್ಪಿಕೊಂಡು ಶುರು ಮಾಡಿದ ಮೇಲೆ ಕ್ಯಾಲೆಂಡರ್‌ನಲ್ಲಿ ಒಂದು ತಾರೀಕಿಗೆ ಗುರುತು ಹಾಕಿ. ಆ ದಿನ ನೋಡಬೇಕಾದ್ದು ಇಷ್ಟು. ನಿದ್ದೆ ಕಮ್ಮಿ ಆಗಿದೆಯಾ? ಬೆನ್ನು, ಕುತ್ತಿಗೆ ನೋವು ಹೊಸದಾಗಿ ಬಂದಿದೆಯಾ? ಸಂಜೆ ಮನೆಗೆ ಬಂದ ಮೊದಲ ಹತ್ತು ನಿಮಿಷ ಮಕ್ಕಳು ನಿಮ್ಮ ಹತ್ತಿರ ಬರುತ್ತಾರಾ, ದೂರ ಇರುತ್ತಾರಾ? ಕೊನೆಯದನ್ನು ನೀವೇ ಉತ್ತರಿಸಬೇಡಿ, ಮನೆಯವರನ್ನು ಕೇಳಿ.

ಇದಕ್ಕೆ ಬಾಡಿಗೆ ಅಗ್ರಿಮೆಂಟನ್ನೇ ಬಳಸಿಕೊಳ್ಳಬಹುದು. ಸಾಮಾನ್ಯವಾಗಿ ಅದು 11 ತಿಂಗಳದ್ದು. ಬರೆಸುವಾಗ ಲಾಕ್-ಇನ್ (ಮನೆ ಬಿಡುವಂತಿಲ್ಲದ ಅವಧಿ) ಎಷ್ಟು ತಿಂಗಳು, ಖಾಲಿ ಮಾಡೋಕೆ ಎಷ್ಟು ದಿನ ಮುಂಚೆ ಹೇಳಬೇಕು, ಪೇಂಟಿಂಗ್‌ಗೆ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ ಅಂತ ಓದಿ ನೋಡಿ. ಲಾಕ್-ಇನ್ ಮೂರು ತಿಂಗಳಿಗಿಂತ ಜಾಸ್ತಿ ಇದ್ದರೆ ಕಮ್ಮಿ ಮಾಡಿ ಅಂತ ಓನರ್ ಹತ್ತಿರ ಕೇಳಿ. ಅದಕ್ಕೆ ಬದಲಾಗಿ ಒಂದು ಸಾವಿರ ಬಾಡಿಗೆ ಜಾಸ್ತಿ ಕೇಳಿದರೂ ಕೊಟ್ಟುಬಿಡಿ.